ರಹಸ್ಯಕಥೆಯಿಂದ ಜೀವನದರ್ಶನಕ್ಕೆ: ಡಾ. ಶಿವರಾಮ ಕಾರಂತರು

ಸಹ್ಯಾದ್ರಿಯ ಶ್ರೇಣಿಯು ಪಡುಗಡಲಿನ ಕಡೆಗೆ ಕಡಿದಾಗಿ ಇಳಿದು ಬರುವ ಎಡೆಯಲ್ಲಿ, ಕೊಡಚಾದ್ರಿಯ ಮಡಿಲಲ್ಲಿ, ಸೌಪರ್ಣಿಕಾ ನದಿಯ ತೀರದಲ್ಲಿ ಕೊಲ್ಲೂರು ನೆಲಸಿದೆ. ಅಮರತ್ವವನ್ನು ಬೇಡಲು ಘೋರ ತಪಸ್ಸನ್ನಾಚರಿಸಿದ ಅಸುರನೊಬ್ಬನು ವರ ಕೇಳುವ ಗಳಿಗೆಯಲ್ಲಿಯೇ ಮಾತು ಕಳೆದುಕೊಂಡು ಮೂಕನಾದನೆಂದೂ, ಆ ಮೂಕಾಸುರನನ್ನು ಸಂಹರಿಸಿದ ದೇವಿಯು ಮೂಕಾಂಬಿಕೆಯೆಂಬ ಹೆಸರನ್ನು ತಳೆದಳೆಂದೂ ಸ್ಥಳಪುರಾಣವು ಹೇಳುತ್ತದೆ. ಘಟ್ಟವನ್ನೇರಿದರೆ ಬಿದನೂರು; ಅಲ್ಲಿಂದ ಮಲೆನಾಡನ್ನೂ ಕರಾವಳಿಯನ್ನೂ ಆಳಿದ ಕೆಳದಿಯ ವೀರಶೈವ ಅರಸರು ಈ ಸನ್ನಿಧಿಗೆ ಭಕ್ತಿಯಿಂದ ನಡೆದುಕೊಂಡವರು. ಘಟ್ಟದಿಂದ ಇಳಿದರೆ ತೆಂಗು, ಗದ್ದೆ, ಹೊಳೆ, ಅಳಿವೆಗಳ ನಾಡು; ಕುಂದಾಪುರವನ್ನು ದಾಟಿ ತೆಂಕಣಕ್ಕೆ ಸಾಗಿದರೆ ಕೋಟ ಗ್ರಾಮ. ಅಸುರರೂ ಅರಸರೂ, ಕಾಡೂ ಕಡಲೂ ಕೂಡಿ ಕಥೆಯಾಗಿರುವ ಈ ನೆಲದಲ್ಲಿ ಹುಟ್ಟಿದ ಮಗುವಿಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ಅದ್ಭುತದ ಅಭ್ಯಾಸವಾಗುತ್ತದೆ.

ಅಂಥ ನೆಲದಲ್ಲಿ, ಕೋಟ ಗ್ರಾಮದಲ್ಲಿ, 1902ನೆಯ ಇಸವಿ ಅಕ್ಟೋಬರ್ 10ರಂದು ಶೇಷ ಕಾರಂತ ಮತ್ತು ಲಕ್ಷ್ಮಮ್ಮ ದಂಪತಿಗಳ ಮಗನಾಗಿ ಶಿವರಾಮ ಕಾರಂತರು ಜನಿಸಿದರು. ಕನ್ನಡದ ಕಾದಂಬರಿಯನ್ನು ಎತ್ತರಕ್ಕೇರಿಸಿದವರೆಂದು, ಜ್ಞಾನಪೀಠ ಪ್ರಶಸ್ತಿಯಿಂದ ಭೂಷಿತರೆಂದು, ಯಕ್ಷಗಾನದ ಪುನರುಜ್ಜೀವಕರೆಂದು ಅವರನ್ನು ಅರಿಯದವರು ವಿರಳ. ಆದರೆ ಈ ಮಹನೀಯರ ಕಾದಂಬರಿ ಜೀವನವು ಆರಂಭವಾದದ್ದು ಗಂಭೀರವಾದ ಸಾಮಾಜಿಕ ಕೃತಿಯಿಂದಲ್ಲ, ಓದುಗರ ಕುತೂಹಲವನ್ನು ಕೆರಳಿಸುವ ಪತ್ತೇದಾರಿ ಕಥೆಯಿಂದ ಎಂಬ ಸಂಗತಿಯನ್ನು ನೆನೆಯುವವರು ಕಡಮೆ. ವಿದ್ಯಾರ್ಥಿಯ ಚೀಲದಲ್ಲಿ ರೋಮಾಂಚಕ ಕಥೆಪುಸ್ತಕವೊಂದು ಸಿಕ್ಕಾಗ ಅದನ್ನು ಕಸಿದುಕೊಳ್ಳಬೇಕೋ ಬೇಡವೋ ಎಂದು ಯೋಚಿಸುವ ಅಧ್ಯಾಪಕನಿಗೆ ಈ ಸಂಗತಿ ಬಹುಮುಖ್ಯವಾದುದು.

ಕಾರಂತರ ಬಾಲ್ಯದ ಕಾಲದಲ್ಲಿ ಕರಾವಳಿಯ ಹಳ್ಳಿಗಳಲ್ಲಿ ಮುದ್ರಿತ ಪುಸ್ತಕವು ಅಪರೂಪದ ವಸ್ತುವಾಗಿತ್ತು. ಕಲ್ಪನೆಗೆ ರೆಕ್ಕೆ ಮೂಡಿಸುತ್ತಿದ್ದುದು ಯಕ್ಷಗಾನ ಬಯಲಾಟ. ಸುಗ್ಗಿಯ ಕೊಯ್ಲು ಮುಗಿದ ಗದ್ದೆಯಲ್ಲಿ, ದೀವಟಿಗೆಯ ಬೆಳಕಿನಲ್ಲಿ, ಚೆಂಡೆಯ ಸದ್ದಿಗೆ ಎದೆ ನಡುಗುತ್ತಿರಲು, ಕೇದಗೆ ಮುಂದಲೆಯ ವೀರರೂ ಬಣ್ಣದ ವೇಷದ ರಾಕ್ಷಸರೂ ಇರುಳೆಲ್ಲ ಕಾದಾಡುತ್ತಿದ್ದರು. ನಿದ್ದೆ ಹೋಗಿದ್ದ ಮಗು ರಾಕ್ಷಸನ ಅಬ್ಬರಕ್ಕೆ ಬೆಚ್ಚಿ ಎದ್ದು, ಭಯದಿಂದ ಕಣ್ಣು ಮುಚ್ಚಿ, ಆಸೆಯಿಂದ ಮತ್ತೆ ಕಣ್ಣು ತೆರೆದು ನೋಡುವ ಆ ಅನುಭವವೇ ಈ ಪ್ರದೇಶದ ಮಕ್ಕಳ ಮೊದಲ ಸಾಹಸಕಥೆ. ಕಾರಂತರು ಮುಂದೆ ಯಕ್ಷಗಾನದ ವೇಷ, ಕುಣಿತ, ಹಾಡುಗಾರಿಕೆಗಳ ಅಧ್ಯಯನಕ್ಕೆ ತಮ್ಮ ಬದುಕಿನ ಹಲವು ದಶಕಗಳನ್ನು ಮೀಸಲಿಟ್ಟರು. ಅವರ ಯಕ್ಷಗಾನ ಬಯಲಾಟ ಎಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಬಯಲಾಟದ ಇರುಳಿನಿಂದ ಪುಸ್ತಕದ ಹಗಲಿಗೆ ಬರುವ ಹೊತ್ತಿಗೆ ಕನ್ನಡದಲ್ಲಿ ಕಾದಂಬರಿಯೆಂಬ ಹೊಸ ಪ್ರಕಾರವು ಕಣ್ಣು ತೆರೆದಿತ್ತು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕೃತಿಗಳನ್ನು ಕನ್ನಡಿಸಿ, ಕೋಟೆಕೊತ್ತಲ, ಕುದುರೆಯ ಸವಾರ, ಗುಪ್ತ ಪ್ರೇಮಗಳ ಲೋಕವೊಂದನ್ನು ತೆರೆದಿದ್ದರು. ಹಾವೇರಿಯ ಕಡೆಯ ಗಳಗನಾಥರು ಶಾಲಾ ಮಾಸ್ತರರಾಗಿದ್ದು ಚಾರಿತ್ರಿಕ ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿ, ಕನ್ನಡಕ್ಕೆ ಓದುಗರನ್ನು ಸಂಪಾದಿಸಿದರು. ಕುಂದಾಪುರದ ಸಮೀಪದ ಗುಲ್ವಾಡಿಯ ಹೆಸರನ್ನು ಹೊತ್ತ ಗುಲ್ವಾಡಿ ವೆಂಕಟರಾಯರು 1899ರಲ್ಲಿ ಇಂದಿರಾಬಾಯಿ ಎಂಬ ಸಾಮಾಜಿಕ ಕಾದಂಬರಿಯನ್ನು ಹೊರತಂದಿದ್ದರು. ಹೀಗೆ ಕಾರಂತರ ಪೀಳಿಗೆಯ ತರುಣರ ಮುಂದೆ ಎರಡು ದಾರಿಗಳಿದ್ದುವು. ಒಂದು, ಓದುಗನನ್ನು ನಿತ್ಯದ ಬದುಕಿನಿಂದ ಬಹುದೂರಕ್ಕೆ ಕರೆದೊಯ್ಯುವ ಅದ್ಭುತರಮ್ಯ ಕಥೆಯ ದಾರಿ. ಮತ್ತೊಂದು, ಓದುಗನನ್ನು ಅವನ ಮನೆಯಂಗಳಕ್ಕೆ ಹಿಂದಿರುಗಿಸಿ ತರುವ ಸಾಮಾಜಿಕ ಕಥೆಯ ದಾರಿ. ಸಹಜವಾಗಿಯೇ ಹದಿಹರೆಯವು ಮೊದಲನೆಯ ದಾರಿಗೆ ಮನಸೋಲುತ್ತದೆ.

ಕೋಟ ಮತ್ತು ಕುಂದಾಪುರಗಳಲ್ಲಿ ಶಾಲಾ ವಿದ್ಯಾಭ್ಯಾಸವನ್ನು ಮುಗಿಸಿದ ಕಾರಂತರು ಕಾಲೇಜು ಶಿಕ್ಷಣಕ್ಕಾಗಿ ಮಂಗಳೂರಿಗೆ ತೆರಳಿದರು. ಆಗ ದೇಶದಲ್ಲೆಲ್ಲ ಗಾಂಧೀಜಿಯವರ ಅಸಹಕಾರ ಚಳವಳಿಯ ಕಾವು ಏರಿತ್ತು. ಹತ್ತೊಂಬತ್ತು-ಇಪ್ಪತ್ತರ ಪ್ರಾಯದ ಈ ತರುಣರು ಕಾಲೇಜನ್ನು ತೊರೆದು ಹೊರಬಂದರು. ಪದವಿಯ ಆಸೆ ಬಿಟ್ಟು, ಖಾದಿ, ಸ್ವದೇಶಿಗಳ ಪ್ರಚಾರಕ್ಕಾಗಿ ಹಳ್ಳಿಹಳ್ಳಿ ಸುತ್ತಿದರು. ಹೆತ್ತವರ ನಿರೀಕ್ಷೆ ಒಂದು ಕಡೆ, ದೇಶದ ಕರೆ ಮತ್ತೊಂದು ಕಡೆ. ನಿಶ್ಚಿತವಾದ ಉದ್ಯೋಗವಿಲ್ಲ, ಕೈಯಲ್ಲಿ ಹಣವಿಲ್ಲ. ಆದರೂ ತಾನು ನಂಬಿದ್ದನ್ನು ಮಾಡಿಯೇ ತೀರಬೇಕೆಂಬ ಹಟ ಅವರದು. ಆ ಹಟವು ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಈ ಕಾಲದಲ್ಲಿಯೇ ಅವರು ಬರವಣಿಗೆಗೆ ಕೈಹಚ್ಚಿದರು. 1924ರಲ್ಲಿ ರಾಷ್ಟ್ರಗೀತ ಸುಧಾಕರ ಎಂಬ ಕವನಗಳ ಸಂಕಲನ ಪ್ರಕಟವಾಯಿತು. ಇಪ್ಪತ್ತರ ಹರೆಯದಲ್ಲಿ ವಸಂತ ಎಂಬ ಮಾಸಪತ್ರಿಕೆಯನ್ನು ಅವರು ನಡೆಸಿದರು. ಪತ್ರಿಕೆಯೆಂದ ಮೇಲೆ ಓದುಗನನ್ನು ಮುಂದಿನ ಸಂಚಿಕೆಯವರೆಗೆ ಹಿಡಿದಿಡುವ ಧಾರಾವಾಹಿ ಬೇಕು. ಈ ಹಿನ್ನೆಲೆಯಲ್ಲಿ ಹುಟ್ಟಿದವು ವಿಚಿತ್ರಕೂಟ ಮತ್ತು ಭೂತ ಎಂಬ ಕಥೆಗಳು. ಹೆಸರುಗಳೇ ಸೂಚಿಸುವಂತೆ ಇವು ಅಪರಾಧ, ಗುಟ್ಟು, ಭಯ, ಪತ್ತೇದಾರಿಗಳನ್ನು ನೆಚ್ಚಿಕೊಂಡ ಬರಹಗಳು. ಮುಂದೆ ನಾಲ್ವತ್ತಕ್ಕೂ ಮಿಕ್ಕಿ ಕಾದಂಬರಿಗಳನ್ನು ರಚಿಸಿದ ಲೇಖಕರ ಪಟ್ಟಿಯಲ್ಲಿ ವಿಚಿತ್ರಕೂಟವೇ ಮೊದಲನೆಯದಾಗಿ ನಿಲ್ಲುತ್ತದೆ.

ಚೋಮನ ದುಡಿಯನ್ನೋ ಮರಳಿ ಮಣ್ಣಿಗೆಯನ್ನೋ ಓದಿ ಕಾರಂತರನ್ನು ಅರಿತುಕೊಂಡ ಓದುಗನು ವಿಚಿತ್ರಕೂಟವನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡಾಗ ಸೋಜಿಗಪಡುವುದು ಸಹಜ. ತಾನು ಬಲ್ಲ ಗಂಭೀರ ಮುಖದ ಹಿಂದೆ, ಕಥೆಯ ತಿರುವುಗಳಲ್ಲಿ ಮೈಮರೆತ ಇಪ್ಪತ್ತೆರಡರ ತರುಣನೊಬ್ಬನನ್ನು ಅವನು ಕಾಣುತ್ತಾನೆ. ಇಂಥ ಹಳೆಯ ರಹಸ್ಯಕಥೆಗಳನ್ನು ಇಂದು ಓದುವವನಿಗೆ ಅವುಗಳ ಭಯವು ಭಯವೆನಿಸದೆ ಹೋಗಬಹುದು. ಕಥೆಗಾರನ ಕೈಚಳಕವು ಬಯಲಾಗಬಹುದು. ಆದರೆ ಪುಟವನ್ನು ತಿರುಗಿಸಲೇಬೇಕೆಂಬ ತವಕವನ್ನು ಹುಟ್ಟಿಸುವ ವಿದ್ಯೆ ಸಣ್ಣದಲ್ಲ. ಓದುವ ಹವ್ಯಾಸವೇ ಇಲ್ಲದ ಸಮಾಜದಲ್ಲಿ ಆ ತವಕವು ಗ್ರಂಥಾಲಯದ ಮೊದಲನೆಯ ಮೆಟ್ಟಿಲು. ಅಪರಾಧಕಥೆಗಳ ಮೂಲಕ ಕನ್ನಡವನ್ನು ಬೆಳೆಸಿದವರು ಕಾರಂತರ ಅನಂತರವೂ ಬಂದರು. ಕನ್ನಡ ಚಳವಳಿಯ ನಾಯಕರೂ ಕನ್ನಡ ಬಾವುಟದ ರೂವಾರಿಯೂ ಆದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಗಳನ್ನು ಬರೆದವರು, ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನೆಂಬ ಪಾತ್ರವನ್ನು ಸೃಷ್ಟಿಸಿ, ಐನೂರಕ್ಕೂ ಹೆಚ್ಚು ಕಾದಂಬರಿಗಳಿಂದ ಅಸಂಖ್ಯ ಜನರಿಗೆ ಕನ್ನಡ ಓದುವ ರುಚಿ ಹತ್ತಿಸಿದರು.

ಕಾರಂತರು ಮಾತ್ರ ಆ ಮೆಟ್ಟಿಲಿನ ಮೇಲೆಯೇ ನಿಲ್ಲಲಿಲ್ಲ. ನಿಂತಿದ್ದರೆ ಜೀವನವು ಸುಲಭವಾಗುತ್ತಿತ್ತೋ ಏನೋ. ಜನಪ್ರಿಯತೆಯ ಸೂತ್ರವು ಕೈಗೆ ಸಿಕ್ಕ ಲೇಖಕನು ಅದನ್ನು ತಾನಾಗಿ ಕೈಬಿಡುವುದು ಕಷ್ಟದ ಮಾತು; ಅದರಲ್ಲಿಯೂ ಬೇರೆ ವರಮಾನವಿಲ್ಲದ ತರುಣನಿಗೆ ಇನ್ನೂ ಕಷ್ಟ. ಆದರೆ ಖಾದಿಯ ಗಂಟು ಹೊತ್ತು ಅಲೆದ ಹಳ್ಳಿಗಳಲ್ಲಿ ಅವರು ಕಂಡ ಬಡತನ, ಅಸ್ಪೃಶ್ಯತೆ, ವಿಧವೆಯರ ಗೋಳು, ವೇಶ್ಯಾವೃತ್ತಿಯ ದುರಂತಗಳು ಯಾವ ಕಲ್ಪಿತ ಭೂತಕ್ಕಿಂತಲೂ ಭಯಂಕರವಾಗಿದ್ದುವು. ಅವುಗಳ ಮುಂದೆ ಕಟ್ಟುಕಥೆಯ ಭಯವು ಪೇಲವವಾಯಿತು. 1928ರಲ್ಲಿ ದೇವದೂತರು ಎಂಬ ವಿಡಂಬನೆಯನ್ನು ಬರೆದರು. ಅದ್ಭುತದ ವೇಷವನ್ನು ತೊಟ್ಟುಕೊಂಡೇ ಸಮಾಜದ ಢಾಂಭಿಕತೆಯನ್ನು ಚುಚ್ಚುವ ಕಲೆಯನ್ನು ಅಲ್ಲಿ ಕಾಣಬಹುದು. 1933ರಲ್ಲಿ ಚೋಮನ ದುಡಿ ಹೊರಬಂದಿತು. ಬೇಸಾಯದ ಭೂಮಿಯೊಂದು ತನಗೂ ಬೇಕೆಂಬ ಸಾಮಾನ್ಯ ಬಯಕೆಯನ್ನು ಈಡೇರಿಸಿಕೊಳ್ಳಲಾಗದೆ, ದುಡಿಯ ಸದ್ದಿನಲ್ಲಿಯೇ ದುಃಖವನ್ನು ತೋಡಿಕೊಂಡು ಅಳಿದುಹೋಗುವ ಅಸ್ಪೃಶ್ಯ ಜೀತದಾಳಿನ ಕಥೆಯದು. ವಿಚಿತ್ರಕೂಟಕ್ಕೂ ಚೋಮನ ದುಡಿಗೂ ನಡುವೆ ಹತ್ತು ವರ್ಷಗಳೂ ಪೂರ್ತಿಯಾಗಿ ಸಂದಿರಲಿಲ್ಲ.

ಈ ಪರಿವರ್ತನೆ ಸುಗಮವಾಗಿ ನಡೆಯಿತೆಂದು ಭಾವಿಸಬಾರದು. ಆ ವರ್ಷಗಳಲ್ಲಿ ಅವರು ಹಿಡಿದು ಬಿಟ್ಟ ಉದ್ಯಮಗಳಿಗೆ ಲೆಕ್ಕವಿಲ್ಲ. ಪತ್ರಿಕೆ ಬಹುಕಾಲ ಬಾಳಲಿಲ್ಲ. ನಾಟಕ ಬರೆದರು, ಆಡಿಸಿದರು. ಛಾಯಾಗ್ರಹಣವನ್ನು ಕಲಿತರು. 1930ರ ಆಸುಪಾಸಿನಲ್ಲಿ ಡೊಮಿಂಗೊ, ಭೂತರಾಜ್ಯ ಎಂಬ ಮೂಕಿ ಚಿತ್ರಗಳನ್ನೂ ತಯಾರಿಸಿದರು. ಸಿನಿಮಾ ಅವರ ಕೈಹಿಡಿಯಲಿಲ್ಲ. ಅಧ್ಯಾತ್ಮದ ಹಾದಿಯನ್ನೂ ಒಮ್ಮೆ ಪರೀಕ್ಷಿಸಿ ನೋಡಿ, ಬುದ್ಧಿಗೆ ಒಪ್ಪಿಗೆಯಾಗದುದನ್ನು ಬಾಯಿಮಾತಿಗಾಗಿ ಒಪ್ಪದೆ ಹಿಂದಿರುಗಿದರು. ಈ ಸೋಲುಗಳನ್ನು ಅವರು ಮುಚ್ಚಿಡಲಿಲ್ಲ. 1948ರಲ್ಲಿ ಪ್ರಕಟವಾದ ಹುಚ್ಚು ಮನಸ್ಸಿನ ಹತ್ತು ಮುಖಗಳು ಎಂಬ ಆತ್ಮಕಥನದಲ್ಲಿ ತಮ್ಮ ಎಡವಟ್ಟುಗಳನ್ನು ಮರೆಮಾಚದೆ ಲೋಕದ ಮುಂದಿರಿಸಿದರು. ಗೆಲುವನ್ನು ಮಾತ್ರ ಬರೆದಿಡುವ ಚರಿತ್ರೆಗಳ ನಡುವೆ, ಸೋಲನ್ನು ಸಹ ಪಾಠವನ್ನಾಗಿ ಮಾಡಿದ ಚರಿತ್ರೆ ಅದು.

ಹಾಗಾದರೆ ರಹಸ್ಯಕಥೆಯ ಅಭ್ಯಾಸವು ಸಂಪೂರ್ಣ ವ್ಯರ್ಥವಾಯಿತೇ? ಅವರ ಮುಂದಿನ ಕೃತಿಗಳನ್ನು ಪರಿಶೀಲಿಸಿದರೆ ಹಾಗೆನ್ನಲು ಬರುವುದಿಲ್ಲ. 1943ರ ಬೆಟ್ಟದ ಜೀವವನ್ನು ನೋಡಬಹುದು. ಸುಬ್ರಹ್ಮಣ್ಯದ ಕಡೆಯ ದಟ್ಟ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕ, ಕತ್ತಲೆ, ಹುಲಿಯ ಭಯ, ಮನೆಬಿಟ್ಟು ಕಾಣೆಯಾದ ಮಗನೊಬ್ಬನ ಗುಟ್ಟು: ಇವೆಲ್ಲವೂ ಸಾಹಸಕಥೆಯ ಸಾಮಗ್ರಿಗಳೇ. ಆದರೆ ಆ ಕಾಡಿನ ಕೊನೆಯಲ್ಲಿ ಓದುಗನಿಗೆ ಎದುರಾಗುವುದು ನಿಧಿಯೂ ಅಲ್ಲ, ಅಪರಾಧಿಯೂ ಅಲ್ಲ. ಕಾಡನ್ನು ಕಡಿದು ತೋಟವೆಬ್ಬಿಸಿದ ಗೋಪಾಲಯ್ಯನೆಂಬ ಮುದುಕ, ಮಗನಿಗಾಗಿ ಹಂಬಲಿಸುವ ಶಂಕರಮ್ಮನೆಂಬ ತಾಯಿ. 1960ರ ಅಳಿದ ಮೇಲೆ ಕಾದಂಬರಿಯಲ್ಲಿ, ಮುಂಬಯಿಯಲ್ಲಿ ತೀರಿಕೊಂಡ ಯಶವಂತರಾಯನೆಂಬವನ ಬದುಕಿನ ಎಳೆಗಳನ್ನು ಹುಡುಕಿಕೊಂಡು ನಿರೂಪಕನು ಊರಿಂದೂರಿಗೆ ಅಲೆಯುತ್ತಾನೆ. ಸತ್ತವನು ಬಿಟ್ಟುಹೋದ ಬರಹಗಳು, ಅವನು ಹಣ ಕಳುಹಿಸುತ್ತಿದ್ದ ವಿಳಾಸಗಳು, ಅವನನ್ನು ಬಲ್ಲವರ ಒಂದಕ್ಕೊಂದು ಹೊಂದದ ಹೇಳಿಕೆಗಳು ಅಲ್ಲಿನ ಸಾಕ್ಷ್ಯಗಳು. ಪತ್ತೇದಾರನ ವಿಧಾನವೇ ಅದು. ಪತ್ತೆಯಾಗಬೇಕಾದುದು ಮಾತ್ರ ಕೊಲೆಗಾರನಲ್ಲ, ಮನುಷ್ಯನೊಬ್ಬನ ಬಾಳಿನ ಬೆಲೆ.

ಈ ಹುಡುಕಾಟವು ಶಿಖರ ಮುಟ್ಟಿದುದು 1968ರಲ್ಲಿ ಪ್ರಕಟವಾದ ಮೂಕಜ್ಜಿಯ ಕನಸುಗಳು ಕಾದಂಬರಿಯಲ್ಲಿ. ಬಾಲ್ಯದಲ್ಲಿಯೇ ವಿಧವೆಯಾಗಿ, ಮೌನದಲ್ಲಿಯೇ ಬಾಳಿ ಎಂಬತ್ತನ್ನು ಸಮೀಪಿಸಿದ ಅಜ್ಜಿಯೊಬ್ಬಳು, ಮೊಮ್ಮಗ ಸುಬ್ಬರಾಯನು ತಂದುಕೊಟ್ಟ ಹಳೆಯ ವಸ್ತುವನ್ನು ಕೈಯಲ್ಲಿ ಹಿಡಿದೊಡನೆ ಸಹಸ್ರಾರು ವರ್ಷಗಳ ಹಿಂದಿನ ಜೀವನವನ್ನು ಕಣ್ಣಾರೆ ಕಂಡವಳಂತೆ ಹೇಳತೊಡಗುತ್ತಾಳೆ. ಇದಕ್ಕಿಂತ ಅದ್ಭುತವಾದ ಕಲ್ಪನೆ ಯಾವ ಮಾಯಾಕಥೆಯಲ್ಲಿದೆ? ಆದರೂ ಆ ಅದ್ಭುತವು ಓದುಗನನ್ನು ಮೈಮರೆಸಲು ಬಂದುದಲ್ಲ. ದೇವರ ಕಲ್ಪನೆ, ಗಂಡುಹೆಣ್ಣಿನ ಸಂಬಂಧ, ನಾಗರಿಕತೆಯ ಬೆಳವಣಿಗೆ ಎಂಬ ಗಹನ ವಿಷಯಗಳನ್ನು ಹಿಂಜರಿಕೆಯಿಲ್ಲದೆ ಒರೆಗೆ ಹಚ್ಚಲು ಬಂದುದು. ಈ ಸೀಮೆಯವರ ಕಿವಿಗೆ ಮೂಕಜ್ಜಿಯೆಂಬ ಹೆಸರು ಬಿದ್ದೊಡನೆ ಕೊಲ್ಲೂರಿನ ಮೂಕಾಂಬಿಕೆಯ ನೆನಪಾಗದಿರದು. ಪುರಾಣದಲ್ಲಿ ಅಸುರನು ಮಾತು ಕಳೆದುಕೊಂಡು ಮೂಕನಾದನು; ಕಾದಂಬರಿಯಲ್ಲಿ ಮೂಕಳೆನಿಸಿಕೊಂಡವಳು ಬಾಯ್ದೆರೆದು, ಇತರರು ಹೇಳಲಂಜಿದ ಸತ್ಯವನ್ನು ನುಡಿದಳು. ಈ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ದೊರೆಯಿತು.

ಮಕ್ಕಳ ವಿಷಯದಲ್ಲಿ ಕಾರಂತರು ನಡೆದುಕೊಂಡ ಬಗೆಯು ಶಿಕ್ಷಣಸಂಸ್ಥೆಗಳಿಗೆ ದಾರಿದೀಪ. ಎಳೆಯ ಮನಸ್ಸಿಗೆ ವಿಸ್ಮಯವು ಆಹಾರವೆಂಬುದನ್ನು ಅವರು ಬಲ್ಲವರು. ಆ ಹಸಿವನ್ನು ಗದರಿಸಿ ಅಡಗಿಸುವ ಬದಲು ಅದಕ್ಕೆ ಒಳ್ಳೆಯ ಊಟವನ್ನು ಬಡಿಸಿದರು. 1936ರಲ್ಲಿ ಮೂರು ಸಂಪುಟಗಳ ಬಾಲಪ್ರಪಂಚವನ್ನೂ, 1959ರಿಂದ ಮೊದಲ್ಗೊಂಡು ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನೂ ಹೊರತಂದರು. ನಕ್ಷತ್ರ, ಸಮುದ್ರ, ಪ್ರಾಣಿ, ಸಸ್ಯ, ಯಂತ್ರಗಳ ನಿಜವಾದ ಕಥೆಯು ಮಾಯಾವಿಯ ಕಥೆಗಿಂತಲೂ ಸೊಗಸಾದುದೆಂದು ತೋರಿಸಿದರು. ವಿದ್ವಾಂಸರ ಮಂಡಳಿಯೊಂದು ಕೂಡಿ ಮಾಡಬೇಕಾದ ಕೆಲಸಕ್ಕೆ ಒಬ್ಬರೇ ಹೆಗಲು ಕೊಟ್ಟರು. ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ, ಆಟಪಾಠಗಳನ್ನು ಬೇರ್ಪಡಿಸದೆ, ಮರಗಿಡಗಳ ನಡುವೆ ಮಕ್ಕಳು ತಾವಾಗಿ ಕಲಿಯುವ ಪ್ರಯೋಗವನ್ನು ನಡೆಸಿದರು. 1936ರಲ್ಲಿ, ಜಾತಿಯ ಕಟ್ಟನ್ನು ಮೀರಿ ಕೈಹಿಡಿದ ಲೀಲಾ ಆಳ್ವರು ಇಂಥ ಕಾರ್ಯಗಳಲ್ಲೆಲ್ಲ ಅವರಿಗೆ ಜೊತೆಯಾದರು. ಆ ಶಾಲೆ ಬಹುಕಾಲ ಉಳಿಯಲಿಲ್ಲವಾದರೂ ಬಾಲವನವು ಅವರ ಸ್ಮಾರಕವಾಗಿ ಉಳಿದುಬಂದಿದೆ.

ಸಾಹಸವನ್ನು ಬರೆಯುವುದಕ್ಕಿಂತ ಬಾಳುವುದು ಹಿರಿದು. ಕಾರಂತರು ದೇಶವಿದೇಶಗಳನ್ನು ಸಂಚರಿಸಿ ಅಬೂವಿನಿಂದ ಬರಾಮಕ್ಕೆ, ಅಪೂರ್ವ ಪಶ್ಚಿಮ ಮೊದಲಾದ ಪ್ರವಾಸಕಥನಗಳನ್ನು ಬರೆದರು. 1968ರಲ್ಲಿ ಸರಕಾರವು ಕೊಟ್ಟಿದ್ದ ಪದ್ಮಭೂಷಣವನ್ನು 1975ರ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂದಿರುಗಿಸಿದರು. ಇಳಿವಯಸ್ಸಿನಲ್ಲಿ ಪಶ್ಚಿಮ ಘಟ್ಟದ ಕಾಡುಗಳ ರಕ್ಷಣೆಗಾಗಿ ದನಿಯೆತ್ತಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು. 1989ರಲ್ಲಿ ಪರಿಸರದ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಎಂಬತ್ತೇಳರ ಪ್ರಾಯದಲ್ಲಿ ಸೋಲಿಗೆ ಅಂಜದೆ ಕಣಕ್ಕಿಳಿಯಲು ಎಂಥ ಎದೆ ಬೇಕು! ಸ್ಥಾವರವು ನಿಂತಿತು, ಆದರೆ ಕಾಡು, ಹೊಳೆಗಳ ಅಳಿವು ಉಳಿವುಗಳು ಸಾಮಾನ್ಯ ಜನರು ಕೇಳಬೇಕಾದ ಪ್ರಶ್ನೆಯೆಂಬ ಅರಿವು ನಾಡಿನಲ್ಲಿ ಬೇರೂರಿತು.

1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೊಂಬತ್ತೈದು ವರ್ಷಗಳ ತುಂಬುಬಾಳನ್ನು ಮುಗಿಸಿ ಕಾರಂತರು ಅಸ್ತಂಗತರಾದರು. ಹುಟ್ಟಿದ ಕೋಟಕ್ಕೂ ಕೊನೆಯುಸಿರೆಳೆದ ಮಣಿಪಾಲಕ್ಕೂ ಕೆಲವೇ ಹರದಾರಿಗಳ ಅಂತರ. ಆ ಕಿರಿಯ ಅಂತರದೊಳಗೆ ಅವರು ಲೋಕವನ್ನೇ ಸುತ್ತಿ ಬಂದಿದ್ದರು.

ಇಂಥ ಬಾಳಿನಿಂದ ವಿದ್ಯಾಸಂಸ್ಥೆಗಳು ಕಲಿಯಬೇಕಾದುದೇನು? ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಮಾಯಾವಿಯ ಕಥೆಯನ್ನೋ ಪತ್ತೇದಾರನ ಕಥೆಯನ್ನೋ ಮೊದಲ ಬಾರಿಗೆ ಓದುತ್ತಿರುವ ಹುಡುಗನು ಕೆಟ್ಟುಹೋಗುತ್ತಿದ್ದಾನೆಂದು ತಿಳಿಯಲಾಗದು. ಅವನಲ್ಲಿ ತಿಳಿಯಬೇಕೆಂಬ ಹಸಿವು ಎಚ್ಚರಗೊಂಡಿದೆ. ಹಾಗೆಂದು ಅವನನ್ನು ಅಲ್ಲಿಯೇ ಬಿಟ್ಟುಬಿಡುವುದೂ ಸಲ್ಲದು. ಒಂದೇ ಊಟವನ್ನು ದಿನವೂ ಉಂಡರೆ ಮೈ ಬೆಳೆಯದು. ಆ ಪುಸ್ತಕವನ್ನು ಕಸಿದುಕೊಳ್ಳದೆ, ಅದು ಮುಗಿದ ದಿನ ಬೆಟ್ಟದ ಜೀವವನ್ನು ಅವನ ಕೈಗಿಡಬಲ್ಲ ಅಧ್ಯಾಪಕನೇ ಧನ್ಯ. ಅದಕ್ಕಾಗಿ ಶಾಲೆಯಲ್ಲಿ ಅಂಥ ಪುಸ್ತಕಗಳು ಇರಬೇಕು. ಕಪಾಟಿನ ಬೀಗವು ತೆರೆದಿರಬೇಕು. ಗ್ರಂಥಾಲಯಕ್ಕೆ ದಾನಿಗಳು ನೀಡುವ ಒಂದೊಂದು ಪುಸ್ತಕವೂ ಯಾವ ಬಾಲಕನ ಬಾಳಿನ ದಾರಿಯನ್ನು ಯಾವ ಕಡೆಗೆ ತಿರುಗಿಸೀತೆಂದು ಮುಂದಾಗಿ ಹೇಳಬಲ್ಲವರಿಲ್ಲ. ವಿಚಿತ್ರಕೂಟವನ್ನು ಬರೆದ ಕೈಯೇ ಮೂಕಜ್ಜಿಯ ಕನಸುಗಳನ್ನು ಬರೆಯಿತು. ನಡುವಣ ನಾಲ್ವತ್ತು ವರ್ಷಗಳನ್ನು ತುಂಬಿದುದು ಎಡೆಬಿಡದ ದುಡಿಮೆ, ತನ್ನನ್ನು ತಾನೇ ತಿದ್ದಿಕೊಳ್ಳುವ ಪ್ರಾಮಾಣಿಕತೆ, ಮತ್ತು ಬಾಲ್ಯದ ಆ ವಿಸ್ಮಯವನ್ನು ಮುಪ್ಪಿನವರೆಗೂ ಆರಗೊಡದ ಎಚ್ಚರ.